ಬೂದು ಕಾರ್ಡು ಹಿಡಿದ ಕೈ

ನಮ್ಮ ಯಜಮಾನರಿಗೂ ನನಗೂ ಆದ ಜಗಳಗಳಲ್ಲಿ ಮುಕ್ಕಾಲು ಪಾಲು ಕಂಪ್ಯೂಟರ್ ಮಾನಿಟರಿನ ಬಣ್ಣದ ಬಗ್ಗೆ ಎಂದರೆ ಯಾರೂ ನಂಬುವುದಿಲ್ಲ. ಗೋಕುಲಂನ ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೋ ತೆಗೆಯುವುದು ಅವರು. ಅವನ್ನು ಕಂಪ್ಯೂಟರಿನಲ್ಲಿ ತಿದ್ದಿ ಆಲ್ಬಂ ಮಾಡುವುದು ನಾನು. ಬಣ್ಣದ ವಿಷಯದಲ್ಲಿ ಅವರು ಬಲು ಮಡಿವಂತರು. ಫೋಟೋಗ್ರಾಫರ್ ಆದವನು ತಿಂಗಳಿಗೊಮ್ಮೆಯಾದರೂ ಮಾನಿಟರಿಗೆ ಯಂತ್ರ ಹಿಡಿದು ಅಳೆದು ಬಣ್ಣ ಸರಿಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಕಣ್ಣು ಮುಚ್ಚಿಕೊಂಡು ರಂಗೋಲಿ ಬಿಟ್ಟ ಹಾಗೆ ಎನ್ನುತ್ತಿದ್ದರು.

ನನ್ನ ವಾದ ಬೇರೆ. "ಈಗ ಆಲ್ಬಂ ಯಾರು ನೋಡ್ತಾರೆ ರೀ? ಎಲ್ಲ ಫೋನಲ್ಲೇ ನೋಡೋದು. ಒಂದೊಂದು ಫೋನಲ್ಲಿ ಒಂದೊಂದು ಬಣ್ಣ. ನೀವು ಇಲ್ಲಿ ಸರಿ ಮಾಡಿದ್ದು ಅವರಿಗೇನು ಗೊತ್ತಾಗುತ್ತೆ?"

"ಅವರಿಗೆ ಗೊತ್ತಾಗ್ದೆ ಇದ್ರೂ ನಮಗೆ ಗೊತ್ತಿರ್ಬೇಕು ಕಣೆ."

ಈ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಗಿರಾಕಿಗಳು ಕೇಳುತ್ತಿದ್ದದ್ದು ಒಂದೇ: ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿ. ಅದಕ್ಕೆ ಯಂತ್ರ ಬೇಕಿರಲಿಲ್ಲ, ಮೌಸ್ ಸಾಕಿತ್ತು.

ಅವರದು ಇನ್ನೊಂದು ಪದ್ಧತಿಯಿತ್ತು. ಯಾವ ಸಮಾರಂಭಕ್ಕೆ ಹೋದರೂ ಮೊದಲ ಫೋಟೋ ಒಂದು ಬೂದು ಬಣ್ಣದ ಕಾರ್ಡಿನದು. ಅಂಗೈಯಗಲದ ಆ ಕಾರ್ಡನ್ನು ಎಡಗೈಯಲ್ಲಿ ಹಿಡಿದು, ಕೈಯನ್ನು ಮುಂದೆ ಚಾಚಿ, ಅಲ್ಲಿನ ಬೆಳಕಿನಲ್ಲಿ ಒಂದು ಕ್ಲಿಕ್. ಆಮೇಲೆ ಕಂಪ್ಯೂಟರಿನಲ್ಲಿ ಆ ಬೂದು ಬೂದಾಗಿಯೇ ಕಾಣುವಂತೆ ಮಾಡಿಕೊಂಡರೆ, ಅದೇ ಬೆಳಕಿನಲ್ಲಿ ತೆಗೆದ ಉಳಿದ ಫೋಟೋಗಳ ಬಣ್ಣವೂ ಸರಿಹೋಗುತ್ತದೆ. ನಾನು ಆ ಫೋಟೋ ತೆರೆದು, ಕಾರ್ಡಿನ ಮೇಲೆ ಒಮ್ಮೆ ಮೌಸ್ ಒತ್ತಿ, ಮುಂದಕ್ಕೆ ಹೋಗುತ್ತಿದ್ದೆ. ಯಾರಿಗೂ ಕೊಡುವ ಫೋಟೋ ಅಲ್ಲ, ಅದನ್ನು ನೋಡುವುದೇನಿದೆ.

ಕಳೆದ ವರ್ಷ ಮೇ ತಿಂಗಳಲ್ಲಿ ಫೋಟೋಗ್ರಾಫರುಗಳ ಸಂಘದ ಗುರುತಿನ ಚೀಟಿಗೆ ಅವರದೇ ಒಂದು ಫೋಟೋ ಬೇಕಾಯಿತು. ಊರಿಗೆಲ್ಲ ಫೋಟೋ ತೆಗೆದವರದು ಮನೆಯಲ್ಲಿ ನೆಟ್ಟಗಿನದೊಂದು ಫೋಟೋ ಇರಲಿಲ್ಲ. ಕ್ಯಾಮೆರಾದ ಹಿಂದೆ ನಿಲ್ಲುವವರ ಹಣೆಬರಹವೇ ಅಷ್ಟು. ಬಿಳಿ ಅಂಗಿ ಹಾಕಿಸಿ, ಕನ್ನಡಕ ತೆಗೆಸಿ ನಾನೇ ತೆಗೆದೆ. ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಹಣೆಯಲ್ಲಿ ಹಾಗೇ ಇತ್ತು. ಮಾನಿಟರಿನಲ್ಲಿ ತೆರೆದು ನೋಡಿದರೆ ಮುಖವೆಲ್ಲ ಹಳದಿ.

"ನೋಡ್ದ್ಯಾ? ಎಷ್ಟು ವರ್ಷದಿಂದ ಬಡ್ಕೋತಿದೀನಿ, ನಿನ್ನ ಮಾನಿಟರ್ ಕೆಟ್ಟಿದೆ ಅಂತ," ಎಂದು ಅವರು ಗೆದ್ದ ಖುಷಿಯಲ್ಲಿ ನಕ್ಕರು.

ನನಗೂ ಅದೇ ನಿಜವೆನಿಸಿತು, ಸೋತೆನಲ್ಲ ಎಂಬ ಸಿಟ್ಟು ಬೇರೆ. ಎದುರಿಗೆ ಕೂತ ಮನುಷ್ಯನಲ್ಲಿ ನನಗೆ ಅಂಥದ್ದೇನೂ ಕಂಡಿರಲಿಲ್ಲ. ಕಪ್ಪು ಮೈಬಣ್ಣ, ಸದಾ ಕಿಟಕಿ ಮುಚ್ಚಿದ ಕೋಣೆ, ಬಿಸಿಲಿಗೆ ಹೋದರೆ ಕಪ್ಪಾಗುವ ಕನ್ನಡಕ. ದಿನಾ ನೋಡುವ ಮುಖವನ್ನು ಯಾರು ನೋಡುತ್ತಾರೆ.

ಯೋಗ ಕಲಿಯಲು ಬಂದು ನಮ್ಮ ರಸ್ತೆಯಲ್ಲೇ ಬಾಡಿಗೆಗಿದ್ದ ವಿದೇಶಿ ಹೆಂಗಸೊಬ್ಬಳು ತನ್ನ ದೇಶದಲ್ಲಿ ಫೋಟೋಗ್ರಾಫರ್ ಆಗಿದ್ದಳು. ಅವಳ ಹತ್ತಿರ ಬಣ್ಣ ಅಳೆಯುವ ಯಂತ್ರವಿತ್ತು. ಯಜಮಾನರು ಅದನ್ನು ಎರವಲು ತಂದೇಬಿಟ್ಟರು. ಮೌಸಿನಷ್ಟೇ ಗಾತ್ರದ ಅದನ್ನು ಮಾನಿಟರಿಗೆ ನೇತುಹಾಕಿದರು. ಅದರಡಿ ಕೆಂಪು, ಹಸಿರು, ನೀಲಿ, ಬೂದು ಒಂದೊಂದಾಗಿ ಬಂದು ಹೋಗುತ್ತಿದ್ದರೆ ಅವರು ಪೂಜೆಗೆ ಕೂತವರಂತೆ ಅಲುಗದೆ ಕೂತಿದ್ದರು. ನಾನು ಕಾಫಿ ತಂದೆ. ಹೊಟ್ಟೆ ಯಾಕೋ ಸರಿಯಿಲ್ಲವೆಂದು ಕುಡಿಯಲಿಲ್ಲ.

ಅಳತೆ ಮುಗಿಯಿತು. ನಮ್ಮ ಮಾನಿಟರ್ ಹಳದಿಯಾಗಿರಲೇ ಇಲ್ಲ, ಇಷ್ಟು ದಿನವೂ ಒಂದಿಷ್ಟು ನೀಲಿಯ ಕಡೆಗೆ ವಾಲಿತ್ತು. ಯಂತ್ರ ಅದನ್ನು ಸರಿಪಡಿಸಿತು. ಹಳೆಯ ಮದುವೆಯೊಂದನ್ನು ತೆರೆದರೆ ಬಾಳೆ ಎಲೆ, ಮಲ್ಲಿಗೆ ದಂಡೆ ಎಲ್ಲವೂ ಇದ್ದಂತೆಯೇ ಕಂಡವು. ಆಮೇಲೆ ಅವರ ಫೋಟೋ ತೆರೆದೆ. ಮುಖ ಮೊದಲಿಗಿಂತಲೂ ಹಳದಿಯಾಗಿತ್ತು. ಅಂಗಿ ಬೆಳ್ಳಗಿತ್ತು. ವಿಭೂತಿ ಬೆಳ್ಳಗಿತ್ತು. ಕಣ್ಣಿನ ಬಿಳಿ ಮಾತ್ರ ಬೆಳ್ಳಗಿರಲಿಲ್ಲ.

ಮಾನಿಟರ್ ಕೆಟ್ಟಿದ್ದರೆ ವಿಭೂತಿಯೂ ಹಳದಿಯಾಗಬೇಕಿತ್ತು. ಇದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವರು ಬಹಳ ಹೊತ್ತು ನೋಡಿದರು.

"ಯಂತ್ರ ಸರಿಯಾಗೇ ಇದೆ ಕಣೆ," ಎಂದರು.

ನಾನು ಕಿಟಕಿ ತೆರೆದು, ಅವರ ಗಲ್ಲ ಹಿಡಿದು ಹಗಲಿನ ಬೆಳಕಿಗೆ ತಿರುಗಿಸಿದೆ.

ಪಿತ್ತನಾಳದಲ್ಲಿ ಗಡ್ಡೆ ಎಂದರು ಆಸ್ಪತ್ರೆಯಲ್ಲಿ. "ಯಾವಾಗಿಂದ ಹಳದಿ ಇದೆ?" ಎಂದು ಡಾಕ್ಟರು ಕೇಳಿದರು. "ಒಂದು ವಾರದಿಂದ ಇರ್ಬೇಕು ಡಾಕ್ಟ್ರೇ," ಎಂದೆ. ಬಣ್ಣದ ಮೇಲೆ ಬದುಕುವವರಿಬ್ಬರು ಕೊಡುವ ಉತ್ತರವೇ ಅದು? ಸ್ಕ್ಯಾನ್ ನೋಡಿದ ಡಾಕ್ಟರು, ವಾರದ ಮಾತಲ್ಲ ಇದು, ಒಂದೆರಡು ತಿಂಗಳು ಮುಂಚೆ ಬಂದಿದ್ದರೆ ಆಪರೇಷನ್ ಮಾಡಬಹುದಿತ್ತು ಎಂದರು. ವಾರ್ಡಿನ ಕಿಟಕಿಯಲ್ಲಿ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಬೆಟ್ಟ ಇವತ್ತು ನೀಲಿ ಜಾಸ್ತಿ, ನಿನ್ನೆ ಕಮ್ಮಿಯಿತ್ತು ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು. ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು.

ಶಿವಗಣಾರಾಧನೆಗೆ ಹಾರ ಹಾಕಲು ಫೋಟೋ ಬೇಕಿತ್ತು. ಇದ್ದದ್ದು ಗುರುತಿನ ಚೀಟಿಗೆ ತೆಗೆದ ಅದೊಂದೇ. ಪ್ರಿಂಟ್ ನೋಡಿದ ಅತ್ತೆ ಸೆರಗಿನಿಂದ ಅದರ ಮುಖ ಒರೆಸಿದರು, ಒರೆಸಿದರೆ ಹೋಗುತ್ತದೆ ಎನ್ನುವ ಹಾಗೆ.

"ಇದು ಅವನ ಬಣ್ಣ ಅಲ್ಲ ಕಣಮ್ಮ. ಅರಿಶಿನ ಬಳ್ದಂಗೈತೆ. ಊರ್ನೋರ್ಗೆಲ್ಲ ಸರಿ ಮಾಡ್ಕೊಡ್ತೀಯ, ನನ್ನ ಮಗುಂದೂ ಎಂಗಿತ್ತೋ ಅಂಗೇ ಮಾಡ್ಬುಡು."

ಕೂತೆ. ಹಳದಿ ತೆಗೆಯುವುದು ನನಗೆ ನೀರು ಕುಡಿದಷ್ಟು ಸಲೀಸು. ಆದರೆ ಎಷ್ಟು ತೆಗೆಯಬೇಕು? ಸ್ವಲ್ಪ ತೆಗೆದರೆ ಕಾಯಿಲೆಯವರಂತೆ ಕಂಡರು, ಇನ್ನಷ್ಟು ತೆಗೆದರೆ ಯಾರೋ ಬೇರೆಯವರಂತೆ ಕಂಡರು. ಇಷ್ಟು ವರ್ಷ ಜೊತೆಗಿದ್ದವರ ಮೈಬಣ್ಣ ನನಗೆ ನೆನಪಾಗಲಿಲ್ಲ. ನಮ್ಮ ಮದುವೆಯ ಫೋಟೋ ಕೆಂಪಾಗಿ ಮಾಸಿಹೋಗಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ನಾನು ಅತ್ತುಬಿಟ್ಟೆ.

ಆಗ ಕಾರ್ಡು ನೆನಪಾಯಿತು. ಹಾರ್ಡ್ ಡಿಸ್ಕಿನಲ್ಲಿದ್ದ ಹಳೆಯ ಮದುವೆಯೊಂದರ ಮೊದಲ ಫೋಟೋ ತೆರೆದೆ. ಬೂದು ಕಾರ್ಡು, ಅದನ್ನು ಹಿಡಿದ ಅವರ ಎಡಗೈ, ಉಂಗುರ, ಮಣಿಕಟ್ಟಿನ ಹಳೆಯ ಕಲೆ. ಒಂದಾದ ಮೇಲೊಂದು ಸಮಾರಂಭ ತೆರೆದೆ. ಎಲ್ಲದರಲ್ಲೂ ಆ ಕೈ ಇತ್ತು. ಒಳ್ಳೇ ಕಾಫಿಪುಡಿಯ ಬಣ್ಣ. ಆ ಕೈಯನ್ನು ನೋಡಿಕೊಂಡೇ ಮುಖ ತಿದ್ದಿದೆ. ಹೊಸ ಪ್ರಿಂಟ್ ನೋಡಿ ಅತ್ತೆ, "ಊಂ, ಇವ್ನೇ," ಎಂದು ಫೋಟೋದ ಮುಂದೆ ಕೂತುಬಿಟ್ಟರು.

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ, ಆ ಕೈಯನ್ನು ಇನ್ನಷ್ಟು ನೋಡುವ ಆಸೆಗೆ ಬಿದ್ದು, ಈಚಿನವನ್ನೂ ತೆರೆಯುತ್ತ ಬಂದೆ. ಸಂಕ್ರಾಂತಿಯ ಹೊತ್ತಿನ ನಾಮಕರಣದಲ್ಲಿ ಕೈ ಸರಿಯಾಗಿದೆ. ಯುಗಾದಿಗೆ ಮುಂಚೆ ಹೂಟಗಳ್ಳಿಯಲ್ಲೊಂದು ಗೃಹಪ್ರವೇಶವಿತ್ತು. ಆ ಮನೆಯವರು ಗೋಡೆಯ ಬಣ್ಣ ತಾವು ಬಳಿಸಿದ ಹಾಗೆ ಬಂದಿಲ್ಲವೆಂದು ತಕರಾರು ಮಾಡಿದ್ದರಿಂದ ನಾನು ಗೊಣಗುತ್ತ ಮತ್ತೆ ಮತ್ತೆ ತಿದ್ದಿ ಕೊಟ್ಟಿದ್ದೆ. ಅದರ ಮೊದಲ ಫೋಟೋದಲ್ಲಿ ಕಾರ್ಡು ಬೂದಾಗಿಯೇ ಇದೆ. ಅದನ್ನು ಹಿಡಿದ ಬೆರಳುಗಳು ಹಳದಿ. ಮುಂದಿನದರಲ್ಲಿ ಇನ್ನೂ ಹಳದಿ, ಅದರ ಮುಂದಿನದರಲ್ಲಿ ಇನ್ನೂ.

ಆ ಫೋಟೋಗಳನ್ನೆಲ್ಲ ನಾನೇ ತೆರೆದಿದ್ದೆ, ನಾನೇ ಮುಚ್ಚಿದ್ದೆ. ಮಾನಿಟರ್ ಸ್ವಲ್ಪ ನೀಲಿಗಿತ್ತು, ಅಷ್ಟು ಹಳದಿಯನ್ನು ಅದು ನುಂಗಿಕೊಂಡಿರಬಹುದು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಮಾಧಾನವಾಗಿಲ್ಲ. ಯಂತ್ರವನ್ನು ಆ ಹೆಂಗಸು ಊರಿಗೆ ಹೋಗುವಾಗ ನನಗೇ ಬಿಟ್ಟುಹೋದಳು, ಈಗ ತಿಂಗಳಿಗೊಮ್ಮೆ ತಪ್ಪದೆ ಮಾನಿಟರ್ ಅಳೆಯುತ್ತೇನೆ. ಡಾಕ್ಟರ ಪ್ರಶ್ನೆಗೆ ಸರಿಯಾದ ಉತ್ತರವೂ ಈಗ ನನ್ನಲ್ಲಿದೆ. ಯುಗಾದಿಗೆ ಮುಂಚೆಯಿಂದ ಹಳದಿ ಇತ್ತು ಡಾಕ್ಟ್ರೇ. ನಾನು ಅದರ ಪಕ್ಕದಲ್ಲೇ ಮೌಸ್ ಒತ್ತಿ ಮುಂದಕ್ಕೆ ಹೋಗಿದ್ದೆ.