ಕತ್ತರಿ ಕಾಣದ ಬಟ್ಟೆ

ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕೂತು ಮೂವತ್ತೆಂಟು ವರ್ಷ ಇಡೀ ಬೀದಿಯ ಮಾನ ಕಾಪಾಡಿದ ಮಹಾವೀರನೆಂದರೆ ತೇಪೆ ಮಾವ. ಆಯುಧ ಒಂದು ಸೂಜಿ, ರಥ ಒಂದು ಹೊಲಿಗೆ ಮೆಷಿನ್ನು. ಎದ್ದರೆ ತಲೆಗೆ ಮೆಟ್ಟಿಲು ಬಡಿಯುವುದರಿಂದ ಎಂಥ ದೊಡ್ಡವರನ್ನೂ ಅವನು ಕೂತೇ ಸ್ವಾಗತಿಸುತ್ತಿದ್ದ. ಸವೆದ ಕಾಲರು ಮಗುಚುವುದು, ಹರಿದ ಅಸ್ತರಿಗೆ ತೇಪೆ ಹಾಕುವುದು ಕಸುಬಾದ್ದರಿಂದ ಯಾರ ಬಂಡವಾಳ ಎಷ್ಟೆಂದು ತನಗೆ ಗೊತ್ತೆಂಬ ಜಂಬ ಬೇರೆ. ಥಳಥಳ ಸೂಟಿನ ಸಾಹೇಬರ ಕೋಟಿನೊಳಗೆ ಹಳೇ ಪರದೆಯ ಹೂಗಳಿದ್ದವು. ಆ ತೋಟ ನೆಟ್ಟವನು ಇವನೇ.

ಹೊಸ ಬಟ್ಟೆಯನ್ನು ಮಾತ್ರ ಯಾರೂ ತಂದವರಲ್ಲ. ಮದುವೆಯಾದ ವರ್ಷ ಆಸೆಪಟ್ಟು ಕೊಂಡ ಕಡುನೀಲಿ ಉಣ್ಣೆ ಬಟ್ಟೆ, ಒಂದು ಕೋಟು ಆಗುವಷ್ಟು, ಗಿರಾಕಿಗಾಗಿ ಹಲಗೆಯ ಮೇಲೆ ಕಾಯುತ್ತಲೇ ಇತ್ತು. ವರ್ಷಕ್ಕೊಮ್ಮೆ ಬಿಚ್ಚಿ, ಬಿಸಿಲು ತೋರಿಸಿ, ಮೂಸಿ ಮತ್ತೆ ಮಡಿಸುವನು.

"ನೀವೇ ಹೊಲ್ಕೊಂಡು ಹಾಕ್ಕೊಳ್ರೀ," ಎನ್ನುವಳು ಹೆಂಡತಿ.

"ನನ್ನ ಅಳತೆ ನಾನೇ ತಗೊಂಡ್ರೆ ನಾನು ಗಿರಾಕಿ ಆಗ್ತೀನೇನೇ?"

ಈಗ ಸೂಜಿಗೆ ದಾರ ಪೋಣಿಸಲು ಅವಳ ಕಣ್ಣೇ ಬೇಕಾಗಿತ್ತು. ಇನ್ನು ತಡಮಾಡುವಂತಿರಲಿಲ್ಲ. ಮೊಣಕೈ ಹರಿದ ಕೋಟು ತೊಟ್ಟು ಆಗಾಗ ಬರುವ ಬಡಪಾಯಿಯೊಬ್ಬನಿಗೆ ಮಾವ ಕನಿಕರದಿಂದ ಹನ್ನೊಂದು ಸಲ ಬಿಟ್ಟಿ ತೇಪೆ ಹಾಕಿಕೊಟ್ಟಿದ್ದ. ಅವನಿಗೇ ಆ ನೀಲಿ ಬಟ್ಟೆಯಲ್ಲಿ ಪುಕ್ಕಟೆಯಾಗಿ ಕೋಟು ಹೊಲಿದುಕೊಡುವೆನೆಂದು ಹೆಂಡತಿಗೆ ಹೇಳಿದ.

ಹೆಂಡತಿ ಬಿದ್ದು ಬಿದ್ದು ನಕ್ಕಳು. "ಬಡಪಾಯಿನಾ? ಈ ಬೀದೀಲಿ ಅರ್ಧ ಮನೆ ಅವರದ್ದು ಕಣ್ರೀ! ನಿಮ್ಮ ತಲೆ ಕುಟ್ಟೋ ಮೆಟ್ಟಿಲೂ ಅವರದ್ದೇ. ಗುಮಾಸ್ತನ್ನ ಕಳಿಸಿ ಬಾಡಿಗೆ ತಗೊಳ್ಳೋರು ಅವರೇ!"

ಮಾವನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಆಸೆ. ಅಷ್ಟಿರುವವರು ಒಂದೇ ಒಂದು ಕೋಟು ಹೊಲಿಸಲಾರರೇ?

ಮರುವಾರ ಹರಿದ ಕೋಟಿನ ಆ ಮನೆ ಯಜಮಾನರು ಬಂದರು. "ಮಾವ, ಮೊಣಕೈ ಮತ್ತೆ ಕೈಕೊಡ್ತು."

ಮಾವ ಹಲಗೆಯಿಂದ ನೀಲಿ ಬಟ್ಟೆ ಇಳಿಸಿ, ಸುತ್ತಿದ್ದ ಕಾಗದ ಬಿಚ್ಚಿ ಹರಡಿದ. ಯಜಮಾನರು ಅದರ ಮೇಲೆ ಅಂಗೈ ಆಡಿಸಿದರು. ಮಾವನ ಕೈ ಆಗಲೇ ಅಳತೆ ಟೇಪಿನ ಮೇಲಿತ್ತು.

"ಆಹಾ, ಗಟ್ಟಿ ಬಟ್ಟೆ! ಇದರಲ್ಲೊಂದು ತುಂಡು ಮೊಣಕೈಗೆ ಹಾಕಿಬಿಡಿ. ಇನ್ನು ಹತ್ತು ವರ್ಷ ಚಿಂತೆಯಿಲ್ಲ."

ಮಾವ ಟೇಪನ್ನು ನಿಧಾನವಾಗಿ ಸುತ್ತಿಟ್ಟ. "ಇಲ್ಲ ಸ್ವಾಮಿ. ಇದು ಬೇರೆಯವರದ್ದು."

"ಯಾರದ್ದು?"

"ಗೊತ್ತಿಲ್ಲ. ಅವರಿನ್ನೂ ಬಂದಿಲ್ಲ."

ಹಳೇ ಚೂರುಗಳ ಚೀಲದಿಂದ ಕಂದು ತುಂಡೊಂದನ್ನು ಹೆಕ್ಕಿ ಹನ್ನೆರಡನೆಯ ತೇಪೆ ಹಾಕಿದ. ಆಮೇಲೆ ನೀಲಿ ಬಟ್ಟೆಯನ್ನು ಹಳೇ ಮಡಿಕೆಗಳಲ್ಲೇ ಮಡಿಸಿದ. ಹಲಗೆಗೆ ಏರಿಸುವ ಮುನ್ನ, ಯಜಮಾನರ ಅಂಗೈ ಆಡಿದ ಜಾಗವನ್ನು ಒಮ್ಮೆ ಸವರಿ ನೋಡಿದ.