ಚಿನ್ನದ ಹಕ್ಕಿ ತೋರಿಸದ ಅಪ್ಪ

ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷ ಕಳೆದ ಮೇಲೆ ನನಗೆ ಮೂತ್ರಕ್ಕೆ ಹೋಗುವುದೇ ಸಂಕಟವಾಯಿತು. ಮುಂದೊಗಲು ಬಿಗಿದುಕೊಂಡು ಉರಿ, ಮತ್ತೆ ಮತ್ತೆ ಸೋಂಕು. ಮುಲಾಮು, ಮಾತ್ರೆ ಎಲ್ಲ ಮುಗಿದ ಮೇಲೆ ಕೊಳ್ಳೇಗಾಲದ ಡಾಕ್ಟರು, "ಸುನ್ನತಿ ಮಾಡಿಬಿಡೋಣ ಮೇಷ್ಟ್ರೇ, ಸಣ್ಣ ಆಪರೇಷನ್ನು" ಎಂದರು.

ಅವರಿಗದು ಸಣ್ಣದು. ನಾನು ಹೆಂಡತಿಗೂ ಹೇಳದೆ ಒಳಗೊಳಗೇ ಒಣಗಿದೆ. ಕತ್ತರಿಯ ಭಯ ಒಂದು ಕಡೆ, ಗಂಡಸುತನಕ್ಕೇ ಕುಂದು ಬಂತೇನೋ ಎಂಬ ಅಳುಕು ಇನ್ನೊಂದು ಕಡೆ. ಸ್ಟಾಫ್ ರೂಮಿನಲ್ಲಿ ಗೊತ್ತಾದರೆ ಜಾತಿ ಕೆಟ್ಟವನೆಂದು ನಗುತ್ತಾರೆ ಅನ್ನಿಸುತ್ತಿತ್ತು. ಮೂತ್ರ ಬಂದೀತೆಂದು ಬಸ್ಸಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ.

ನನಗೇನೋ ಆಗಿದೆ ಎಂದು ಕಂಡುಹಿಡಿದವನು ನನ್ನ ಗೆಳೆಯ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ನಾವು ಒಂದೇ ಬೆಂಚಿನವರು. ಈಗ ಯಳಂದೂರಿನಲ್ಲಿ ಒಂದೇ ಶಾಲೆಯ ಮೇಷ್ಟ್ರುಗಳು. ನನ್ನದು ಗಣಿತ, ಅವನದು ಕನ್ನಡ. ಅವನು ರಾಮಾಪುರದ ಮುಸಲ್ಮಾನರ ಮನೆಯವನು. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಶಾಲೆಯ ಜಗಲಿಯಲ್ಲಿ ಕೂರಿಸಿಕೊಂಡು, "ಏನ್ಲಾ ಅದು, ಏಳು" ಎಂದ. ಹೇಳಿದೆ. ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ತನ್ನ ಮುಂಜಿಯ ಕತೆ ಹೇಳಿದ. ನಮ್ಮ ಕಡೆ ಅವರ ಸುನ್ನತಿಗೂ ಮುಂಜಿ ಎಂದೇ ಅನ್ನುತ್ತಾರೆ.

"ಚಿಕ್ಕುಡ್ಗ ಕಣ್ಲಾ ನಾನು. ಒಸಾ ಬಟ್ಟೆ ಇಕ್ಕಿ, ಊವಿನ ಆರ ಆಕುದ್ರು. ಮದ್ವೆ ಗಂಡಿನಂಗೆ ಮೆರೀತಿದ್ದೆ. ಯಾಕೆ ಅಂತ ಯಾರೂ ಏಳ್ನಿಲ್ಲ. ಒಳೀಕ್ ಕರ್ಕಂಡೋದ್ರು. ನಮ್ ಮಾವ ಇಂದ್ಗಡೆಯಿಂದ ತೋಳು ಇಡ್ಕಂಡು, ಮ್ಯಾಲೆ ನೋಡ್ಲಾ, ಚಿನ್ನದಕ್ಕಿ ಆರ್ತಾ ಅದೆ ಅಂದ. ನಾನು ನೋಡ್ದೆ."

"ಆಮ್ಯಾಕೆ?"

"ಗಾಯ ಬ್ಯಾಗ ಮಾಯ್ತು. ಸುಳ್ಳು ಮಾಯ್ನಿಲ್ಲ. ಮಾವ ಬಂದ್ರೆ ಮಂಚದ ಕೆಳಗೆ ತೂರ್ಕತಿದ್ದೆ. ಈಗ್ಲೂ ಯಾರಾರ ಇಂದ್ಗಡೆಯಿಂದ ಬುಜದ ಮ್ಯಾಲೆ ಕೈ ಮಡುಗುದ್ರೆ ಮೈ ಜುಮ್ಮಂತದೆ."

ಹಿಂದಿನಿಂದ ಹೋಗಿ ಹೆಗಲು ಮುಟ್ಟಿದಾಗ ಅವನು ಬೆಚ್ಚುವುದನ್ನು ಎಷ್ಟೋ ಸಲ ಕಂಡಿದ್ದೆ. ಸ್ವಭಾವ ಎಂದುಕೊಂಡು ಬಿಟ್ಟಿದ್ದೆ.

ವರ್ಷಗಳ ಹಿಂದೆ ತನ್ನ ಮಗನ ಸರದಿ ಬಂದಾಗ ಅವನು ಮಾಡಿದ್ದನ್ನು ಕೇಳಿ ನನಗೆ ಅವನ ಮೇಲಿದ್ದ ಗೌರವ ಇಮ್ಮಡಿಸಿತು. ಧರ್ಮವನ್ನು ಬಿಡುವವನಲ್ಲ ಅವನು. ಆದರೆ ಮಗನನ್ನು ಎದುರಿಗೆ ಕೂರಿಸಿಕೊಂಡು, ಏನು ಮಾಡುತ್ತಾರೆ, ಯಾಕೆ, ಎಷ್ಟು ನೋಯುತ್ತದೆ, ಎಲ್ಲ ಹೇಳಿದ. ಮೊದಲೇ ಹೇಳಿ ಮಗುವನ್ನು ಹೆದರಿಸುವುದೇ ಎಂದು ಗೆಳೆಯನ ತಾಯಿ ಅವನೊಡನೆ ಮಾತು ಬಿಟ್ಟರು. ಹುಡುಗ, "ಈಗ ಬ್ಯಾಡ ಅಪ್ಪ, ಬರೋ ವರ್ಸ" ಎಂದನಂತೆ. ನೆಂಟರಿಷ್ಟರ ಮೂದಲಿಕೆಯನ್ನೆಲ್ಲ ನುಂಗಿಕೊಂಡು ಇವನು ಆ ವರ್ಷ ಪೂರ್ತಿ ಕಾದ. ಮುಂದಿನ ಬೇಸಿಗೆ ರಜೆಯಲ್ಲಿ ಮಗನೇ ಬಂದು ಸರಿ ಎಂದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮರಗಟ್ಟಿಸುವ ಇಂಜೆಕ್ಷನ್ ಕೊಡಿಸಿ, ಮುಗಿಯುವವರೆಗೂ ಅವನ ಕಣ್ಣೆದುರಿಗೇ ನಿಂತಿದ್ದ.

"ಮೊದ್ಲು ಮನೇಲಿ ತಿಳ್ಸು, ಓಗು" ಎಂದು ನನ್ನನ್ನು ಎಬ್ಬಿಸಿದ.

ಅಂದೇ ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, "ಇಷ್ಟೇನಾ? ಏನೋ ದೊಡ್ಡ ಕಾಯ್ಲೆ ಮುಚ್ಚಿಡ್ತಾವ್ರೆ ಅಂತ ಮಾದಪ್ಪನಿಗೆ ಅರಕೆ ಕಟ್ಕಂಡಿದ್ದೆ" ಎಂದು ಅತ್ತುಬಿಟ್ಟಳು. ಆಮೇಲೆ, "ನಾಳೆನೇ ಓಗನ ನಡೀರಿ" ಎಂದಳು.

ಆಪರೇಷನ್ನು ಡಾಕ್ಟರು ಹೇಳಿದಂತೆ ಸಲೀಸಾಗಿಯೇ ಆಯಿತು. ಗೆಳೆಯ ರಜೆ ಹಾಕಿ ಬಂದಿದ್ದ, ತನ್ನದೊಂದು ಮೆತ್ತನೆಯ ಲುಂಗಿ ತಂದಿದ್ದ. ಆದರೆ ಹೊಲಿಗೆ ಕರಗಿದ ಮೇಲೂ ನನ್ನ ಮನಸ್ಸು ಸರಿಹೋಗಲಿಲ್ಲ. ಸ್ನಾನದ ಮನೆಯಲ್ಲಿ ಕೆಳಗೆ ನೋಡಿಕೊಂಡರೆ ಇನ್ಯಾರದೋ ಮೈ ಅನ್ನಿಸುತ್ತಿತ್ತು. ಹೆಂಡತಿ ಪಕ್ಕದಲ್ಲಿ ಮಲಗಿದರೆ ಗೋಡೆಗೆ ತಿರುಗುತ್ತಿದ್ದೆ. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಊರಿನ ಸುದ್ದಿ ಹೇಳುತ್ತಾ ನಿದ್ದೆ ಹೋಗುತ್ತಿದ್ದಳು. ಆ ದಿನಗಳಲ್ಲಿ ಅವಳಿಗೆ ನನ್ನ ಮೇಲಿದ್ದ ತಾಳ್ಮೆ ನನಗೇ ಇರಲಿಲ್ಲ.

ಅದೇ ಸಮಯದಲ್ಲಿ ಗೆಳೆಯನ ಜೊತೆ ಅವನ ಮಗ ನನ್ನನ್ನು ನೋಡಲು ಬಂದ. ಈಗವನು ಕಾಲೇಜು ಮುಗಿಸಿ ಹನೂರಿನಲ್ಲಿ ಕೆಲಸಕ್ಕಿದ್ದಾನೆ. ಕಾಫಿ ಕುಡಿಯುತ್ತಾ, ಯಾವ ಮುಜುಗರವೂ ಇಲ್ಲದೆ ಕೇಳಿದ: "ಎದ್ರಿಕೆ ಆಗಿತ್ತಾ ಸಾ?"

"ಆಗಿತ್ತಪ್ಪ."

"ನಂಗೂ ಆಗಿತ್ತು ಸಾ. ಅಳ್ತೀನಿ ಅಂದೆ. ಅಳು, ನಾನಿಲ್ಲೇ ಇರ್ತೀನಿ ಅಂದ್ರು ಅಪ್ಪ." ಹೇಳುತ್ತಾ ಅವನು ನಕ್ಕ. "ಅವತ್ತು ನಂಗಿಂತ ಅವ್ರೇ ಜಾಸ್ತಿ ಅತ್ರು."

ಪಕ್ಕದಲ್ಲಿ ಕೂತಿದ್ದ ಗೆಳೆಯ, "ಸುಮ್ಕಿರ್ಲಾ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದ. ಮಗ ಎದ್ದು ಲೋಟ ಒಳಗಿಡಲು ಹೋಗುವಾಗ ಹಿಂದಿನಿಂದ ಅಪ್ಪನ ಹೆಗಲು ಹಿಡಿದು ಅಲುಗಾಡಿಸಿ ಹೋದ. ಗೆಳೆಯ ಬೆಚ್ಚಲಿಲ್ಲ.