ಹುಲಿಗೆಮ್ಮನ ಹಾಜರಿ

ಹುಲಿಗೆಮ್ಮ ಬಾಯಿ ತೆರೆಯುವ ಮೊದಲು ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿಯುತ್ತಿದ್ದಳು, ಬೆಂಚು ಎಲ್ಲಿಯಾದರೂ ಓಡಿಹೋದೀತು ಎಂಬಂತೆ. ಆಮೇಲೆ ಬರುತ್ತಿದ್ದ ದನಿ ಎಷ್ಟು ಸಣ್ಣದೆಂದರೆ, ಪಕ್ಕದಲ್ಲಿ ಕುಳಿತವಳೂ "ಏನಂದಿ?" ಎಂದು ಕೇಳಬೇಕಾಗುತ್ತಿತ್ತು.

ಮುಕ್ಕುಂದದಿಂದ ಸಿಂಧನೂರಿನ ನಮ್ಮ ಶಾಲೆಗೆ ಒಂಬತ್ತನೇ ಕ್ಲಾಸಿಗೆ ಬಂದವಳು. ಮೊದಲ ದಿನ ಹೆಸರು ಕೇಳಿದ್ದೇ ತಡ, ಹಿಂದಿನ ಬೆಂಚಿನ ಮಲ್ಲ, "ಹುಲಿಯಂತ! ಎಲ್ಲಿ, ಒಮ್ಮೆ ಗುರ್ ಅನ್ನಬೇ" ಎಂದ. ಮರುದಿನ ಆಕೆಯ "ಹಾಜರ್ ರೀ" ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಮಲ್ಲ ಇಲಿಯಂತೆ ಕಿಚಗುಟ್ಟಿ ಮುಗಿಸಿದ. ನಾವು ನಕ್ಕಷ್ಟೂ ದನಿ ಸಣ್ಣದಾಯಿತು. ದನಿ ಸಣ್ಣದಾದಷ್ಟೂ ನಗು ದೊಡ್ಡದಾಯಿತು. ಕೊನೆಗೆ ದನಿ ಪೂರಾ ಬಂದ್. ಊಟದ ಹೊತ್ತಿನಲ್ಲಿ ನಲ್ಲಿಯ ಸಾಲಿಗೂ ಬರದೆ, ದಿನವಿಡೀ ನೀರು ಕುಡಿಯದೆ ಸಂಜೆ ಮನೆಗೆ ಹೋಗುತ್ತಿದ್ದಳು.

ಕೇಳಿಸದ ಹಾಜರಿ ಗಣಿತದ ಸರ್ ಅವರ ಲೆಕ್ಕಕ್ಕಿರಲಿಲ್ಲ. ಎದ್ದು ನಿಂತರೂ "ಬಾಯಿಲೆ ಹೇಳು, ಇಲ್ಲಂದ್ರ ಗೈರುಹಾಜರ್" ಎನ್ನುತ್ತಿದ್ದರು. ಕಣ್ಣೆದುರು ನಿಂತ ಹುಡುಗಿ ಗೈರುಹಾಜರ್! ಹೀಗೇ ಆದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಮನೆಗೂ ಹೇಳಿ ಕಳಿಸಿದರು. "ಸಾಲಿ ಬ್ಯಾಡಾದ್ರ ಭತ್ತ ಹಚ್ಚಾಕ ನಡಿ" ಎಂದಳಂತೆ ಅವ್ವ.

ಇನ್ನು ನಾನು. ಮೊರದಗಲದ ಕಿವಿ, ಕಡ್ಡಿ ಕಾಲು. ಮಲ್ಲ ನಗುವ ಮೊದಲೇ ನಾನೇ ಕಿವಿ ಅಲ್ಲಾಡಿಸಿ ನಗಿಸಿಬಿಡುತ್ತಿದ್ದೆ. ಹೆಡ್ ಮಾಸ್ತರರ ಕೆಮ್ಮು, ಕಂಡಕ್ಟರನ "ಮಸ್ಕಿ, ಮಸ್ಕಿ, ಮಸ್ಕೀ" ಎಲ್ಲವೂ ನನ್ನ ಗಂಟಲಲ್ಲಿದ್ದವು. ಎಲ್ಲದರ ಬೇರು ಪುಕ್ಕಲುತನ. ಹಾಗಾಗಿ ಆಕೆಯ ಭಯ ನನಗೆ ಹಳೇ ಪರಿಚಯದ್ದು. ಒಂದು ದಿನ ಸರ್ ತಲೆ ತಗ್ಗಿಸಿ ಆಕೆಯ ಹೆಸರು ಕೂಗಿದಾಗ, ಬಾಯಿಗೆ ಕೈ ಅಡ್ಡ ಹಿಡಿದು ಹುಡುಗಿಯ ದನಿಯಲ್ಲಿ "ಹಾಜರ್ ರೀ ಸರ್!" ಎಂದೆ. ಬೆಲ್ಲದಂಥ ದನಿ. "ಹಾಂ, ಈಗ ಬಂತು ನೋಡು!" ಎಂದು ಸರ್ ಹಾಜರಿ ಹಾಕಿದರು. ವಾರವಿಡೀ ಹೀಗೇ ನಡೆಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಸೋಮವಾರ ನನ್ನ "ಹಾಜರ್" ಮುಗಿಯುವಷ್ಟರಲ್ಲಿ ಹುಲಿಗೆಮ್ಮ ಎದ್ದಳು. ಎರಡೂ ಕೈ ಬೆಂಚಿನ ಅಂಚು ಬಿಟ್ಟಿರಲಿಲ್ಲ.

"ಅದು ನನ್ನ ದನಿ ಅಲ್ರೀ ಸರ್."

"ಏನು? ಜೋರ್ ಹೇಳು!"

"ನಂದು ಇಷ್ಟ ಐತ್ರೀ. ಜೋರ್ ಬರಂಗಿಲ್ಲ. ನಾ ಬಂದೀನಿ, ಹಾಕ್ರಿ."

ಹಿಂದಿನಿಂದ ಇಲಿ ಕಿಚಗುಟ್ಟಿತು. ಆಕೆ ಕೂಡಲಿಲ್ಲ. ತಿರುಗಿ, "ನಗು ಮಲ್ಲಾ. ನೀ ಮುಗಿಸೂತನ ನಾ ನಿಂತಿರ್ತೀನಿ" ಎಂದಳು. ನಿಂತೇ ಇದ್ದಳು. ಮಲ್ಲ ಇನ್ನೊಮ್ಮೆ ಕಿಚಗುಟ್ಟಿದ; ಈ ಸಲ ಯಾರೂ ನಗಲಿಲ್ಲ. ಸರ್ ಹಾಜರಿ ಹಾಕಿ, "ಇಷ್ಟು ದಿನ ಹಾಜರ್ ಅಂದಾಕಿ ಯಾರಲೇ?" ಎಂದು ಸೀದಾ ನನ್ನ ಕಿವಿಗೇ ಬಂದರು. ಅಂದಿನಿಂದ ಅದು ಇನ್ನೊಂದು ಬೆರಳು ಉದ್ದ.

ಹೊರಗೆ ಬಂದ ಮೇಲೆ ಸಿಟ್ಟಿಗೆದ್ದೆ. "ನಿನಗ ಉಪಕಾರ ಮಾಡಿದ್ನಲ್ಲಬೇ!"

"ನೀ ಹಾಜರಾಗಿದ್ದಿ. ನಾ ಎಲ್ಲಿದ್ದೆ?" ಎಂದಳು. "ನಗೋದಿದ್ರ ನನ್ನ ದನಿಗೇ ನಗಲಿ."

ಹೇಳಿ, ಹೋಗಿ ನಲ್ಲಿಯ ಸಾಲಿನಲ್ಲಿ ನಿಂತಳು.

ಭಯವೇನೂ ಹೋಗಲಿಲ್ಲ. ಹತ್ತನೇ ಕ್ಲಾಸು ಮುಗಿಯುವವರೆಗೂ ಬೆಂಚು ಹಿಡಿದೇ ಮಾತಾಡಿದಳು. ಆದರೆ ಮಾತಾಡಿದಳು.

ಹೋದ ತಿಂಗಳು ಲಿಂಗಸುಗೂರಿನಿಂದ ಬರುವ ಬಸ್ಸಿನಲ್ಲಿ ಸಿಕ್ಕಳು. ಅಲ್ಲೇ ನರ್ಸಿಂಗ್ ಓದುತ್ತಿದ್ದಾಳೆ. ಮಸ್ಕಿ ದಾಟಿದ ಮೇಲೆ, ಆಕೆ ತನ್ನ ಅಕ್ಕನ ಊರಿನ ಕ್ರಾಸಿನಲ್ಲಿ ಇಳಿಯಬೇಕಿತ್ತು. "ಇಳಿಯೋದೈತ್ರೀ" ಎಂದಳು. ಕಿಕ್ಕಿರಿದ ಬಸ್ಸು, ಯಾರಿಗೂ ಕೇಳಲಿಲ್ಲ. ಹಿಂದಿದ್ದ ಪೋರನೊಬ್ಬ ಆಕೆಯ ದನಿ ಅಣಕಿಸಿದ. ಬಸ್ಸು ನಿಲ್ಲಿಸುವ ಕಂಡಕ್ಟರನ "ಹೋಲ್ಡಾನ್!" ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆಕೆ ಒಮ್ಮೆ ನನ್ನ ಕಡೆ ನೋಡಿದಳು. ನುಂಗಿಕೊಂಡೆ.

ಕಂಬಿ ಬಿಗಿಹಿಡಿದು ಮತ್ತೆ ಹೇಳಿದಳು, ಮತ್ತೊಮ್ಮೆ ಹೇಳಿದಳು, ದನಿ ಒಂದೆಳೆಯೂ ಏರಿಸದೆ. ಹತ್ತಿರದವರು ಮಾತು ನಿಲ್ಲಿಸಿದರು, ಆಮೇಲೆ ಅವರ ಆಚೆಯವರು.

"ಯಾರವ್ವಾ ಇಳಿಯೋರು?" ಎಂದ ಕಂಡಕ್ಟರ್. "ಕ್ರಾಸ್ ದಾಟಿತಲ್ಲ! ಇಲ್ಲೇ ಇಳದು ನಡಕೊಂತ ಹೋಗವ್ವಾ."

"ನಾ ಆಗ್ಲೇ ಹೇಳೀನ್ರೀ. ಹಿಂದಕ ತಗೋರಿ."

ಕಂಡಕ್ಟರ್ ಆಕೆಯ ಮುಖ ನೋಡಿದ. ಆಕೆ ಕಂಬಿ ಬಿಡಲಿಲ್ಲ. ಅವನು ಸೀಟಿ ಊದಿದ. ಅಷ್ಟು ದೊಡ್ಡ ಬಸ್ಸು, ಅಷ್ಟು ಜನರನ್ನು ಹೊತ್ತು, ಕ್ರಾಸಿನವರೆಗೆ ಹಿಂದಕ್ಕೆ ಬಂತು.